ಫ್ರೇಮಣ್ಣ ಮುಖ ಓದಲು ಕಲಿತದ್ದು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನ ಕಣ್ಣು ಚುರುಕಾಗಿರುತ್ತದೆ ಎಂದು ಲೋಕ ನಂಬುತ್ತದೆ. ಮಿಠಾಯಿ ಮಾರುವವನ ನಾಲಿಗೆ ಸಿಹಿಯಾಗಿರುತ್ತದೆ ಎಂದು ನಂಬಿದ ಹಾಗೆಯೇ ಇದು. ಫ್ರೇಮಣ್ಣನೂ ತನ್ನ ಬಗ್ಗೆ ಹಾಗೇ ನಂಬಿಕೊಂಡಿದ್ದ. ಮೂಗು ನೋಡಿದರೆ ಸಾಕು, ಯಾವ ಫ್ರೇಮು ಜಾರುತ್ತದೆ, ಯಾವುದು ಕೂರುತ್ತದೆ ಎಂದು ಹೇಳಿಬಿಡುತ್ತಿದ್ದ. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದು ಈಗ ಕರೆಂಟು ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು.

ಇಷ್ಟಕ್ಕೇ ನಿಂತಿದ್ದರೆ ಸಂಸಾರ ಸುಖವಾಗಿ ಸಾಗುತ್ತಿತ್ತು. ಆದರೆ ಅಂಗಡಿಯ ಯಜಮಾನರಿಗೆ ಒಂದು ಕೊರಗು ಹತ್ತಿಕೊಂಡಿತು. ಗಿರಾಕಿಗಳು ಬರುತ್ತಾರೆ, ಇರುವ ಫ್ರೇಮನ್ನೆಲ್ಲ ಮೂಗಿಗೇರಿಸುತ್ತಾರೆ, ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳುತ್ತಾರೆ, "ಮನೇಲಿ ಕೇಳ್ಕೊಂಡ್ ಬರ್ತೀವಿ" ಎಂದು ಹೊರಟುಹೋಗುತ್ತಾರೆ.

"ತಪ್ಪು ನಿಮ್ಮದೇ. ಅವರ ಬಾಯಿ ನೋಡ್ತೀರಿ, ಮುಖ ನೋಡಲ್ಲ" ಎಂದು ಕೆಲಸದವರನ್ನೆಲ್ಲ ಬೈದು, ಯಜಮಾನರು ಒಂದು ರಜೆಯ ದಿನ ತರಬೇತಿ ಕೊಡುವವರೊಬ್ಬರನ್ನು ಕರೆಸಿದರು.

ಬಂದವರು ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆಯ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟು, ಅದರ ಮೇಲೆ ಸಿನಿಮಾ ಬಿಟ್ಟರು. ಶಬ್ದ ಮಾತ್ರ ಪೂರ್ತಿ ಬಂದ್.

"ಬಾಯಿ ಸುಳ್ಳು ಹೇಳುತ್ತೆ, ಮೈ ಹೇಳಲ್ಲ" ಎಂದು ಶುರುಮಾಡಿದರು. "ನೋಡಿ, ಈ ಖಳನಾಯಕ ಸ್ನೇಹದ ಮಾತಾಡ್ತಿದ್ದಾನೆ. ಆದರೆ ಕೈ ಎಲ್ಲಿದೆ? ಕತ್ತಿನ ಹಿಂದೆ. ಅಂದ್ರೆ ಮೋಸ. ಈ ಅಪ್ಪ ಮಗಳಿಗೆ ಹೋಗಮ್ಮ ಅಂತಿದ್ದಾನೆ. ಆದರೆ ಪಾದ? ಅವಳ ಕಡೆಗೇ ತಿರುಗಿದೆ. ಅಂದ್ರೆ ಹೋಗಬೇಡ."

ಆಮೇಲೆ ಇನ್ನೊಂದು ದೃಶ್ಯ. ನಾಯಕಿ ಮಹಡಿಯ ಮೇಲೆ ನಿಂತಿದ್ದಾಳೆ. ಕೆಳಗೆ ಬೀದಿಯಲ್ಲಿ ಯಾರೋ ಬರುತ್ತಿದ್ದಾರೆ. ಅವಳ ಕಣ್ಣು ಕಿರಿದಾಯಿತು. ತಲೆ ಒಂದು ಕಡೆಗೆ ಓರೆಯಾಯಿತು. ತುಟಿಯ ಈ ಕೊನೆಯಿಂದ ಆ ಕೊನೆಗೆ ನಗು ಮೆಲ್ಲಗೆ ಹರಿಯಿತು. ತರಬೇತಿಯವರು ಅಲ್ಲಿಗೇ ನಿಲ್ಲಿಸಿ, "ಇದೇನು ಹೇಳಿ?" ಎಂದರು.

"ಬಿಸಿಲು, ಸಾರ್" ಎಂದ ಗಾಜು ಉಜ್ಜುವವನು.

ಎಲ್ಲರೂ ನಕ್ಕರು. ಫ್ರೇಮಣ್ಣ ಗಂಟಲು ಸರಿಮಾಡಿಕೊಂಡು, "ಪ್ರೀತಿ, ಸಾರ್" ಎಂದ.

"ಶಭಾಷ್! ನಿಮಗೆ ಕಣ್ಣಿದೆ ಕಣ್ರೀ!"

ಹುಟ್ಟಿದಾಗಿನಿಂದ ಫ್ರೇಮಣ್ಣನಿಗೆ ಯಾರೂ ಶಭಾಷ್ ಅಂದಿರಲಿಲ್ಲ. ಆ ಒಂದು ಮಾತು ಅವನ ತಲೆಗೆ ಏರಿದ್ದು ಇಳಿಯಲೇ ಇಲ್ಲ.

ಮರುದಿನವೇ ಕೆಲಸ ಶುರು. ಮೂಗು ಉಜ್ಜಿಕೊಂಡ ಮುದುಕರೊಬ್ಬರನ್ನು, "ಸುಳ್ಳು ಯಾಕೆ ಹೇಳ್ತೀರಿ ತಾತ?" ಎಂದು ಕೇಳಿದ. ಅವರಿಗೆ ನೆಗಡಿಯಾಗಿತ್ತು. ಆಮೇಲೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿಯ ಪಾದ ಬಾಗಿಲ ಕಡೆ ತಿರುಗಿದ್ದು ಕಂಡು, ಗಂಡನನ್ನು ಮೂಲೆಗೆ ಕರೆದು, "ಸ್ವಲ್ಪ ಹುಷಾರಾಗಿರಿ, ಇವರು ನಿಮ್ಮನ್ನ ಬಿಟ್ಟು ಹೋಗೋ ಯೋಚನೇಲಿದ್ದಾರೆ" ಎಂದು ಪಿಸುಗುಟ್ಟಿದ. ಅಂಗಡಿಯಲ್ಲಿ ಎದ್ದ ಗಲಾಟೆಗೆ ಎದುರಿನ ಔಷಧದ ಅಂಗಡಿಯವರೂ ಓಡಿಬಂದರು. ಹುಡುಗಿಗೆ ಹೊಸ ಚಪ್ಪಲಿ ಕಚ್ಚುತ್ತಿತ್ತು, ಅಷ್ಟೇ.

"ನಾಳೆಯಿಂದ ನೀನು ಬರೀ ಮೂಗು ನೋಡು" ಎಂದರು ಯಜಮಾನರು, ಕತ್ತಿನ ಹಿಂದೆ ಕೈಯಿಟ್ಟುಕೊಂಡು. ಮನಸ್ಸಿನಲ್ಲಿ ಮೆಚ್ಚಿಕೊಂಡಿದ್ದಾರೆ, ಬಾಯಿ ಮಾತ್ರ ಹೀಗೆ ಅನ್ನುತ್ತಿದೆ ಎಂದು ಫ್ರೇಮಣ್ಣ ಓದಿಕೊಂಡ.

ಆ ಸಂಜೆ ಅವನು ಅಂಗಡಿಯಲ್ಲಿ ಹೊಸದಾಗಿ ಕೊಟ್ಟಿದ್ದ ಬೂದು ಬಣ್ಣದ ಕೋಟನ್ನು ಹಾಕಿಕೊಂಡೇ ಮನೆಗೆ ಹೊರಟ. ಹೆಂಡತಿ ನೋಡಲಿ ಎಂಬ ಸಣ್ಣ ಆಸೆ. ಬಸ್ಸಿನಿಂದಿಳಿದು ಬೀದಿಯ ತಿರುವಿಗೆ ಬಂದಾಗ, ಮುಂದೆ ಎದುರುಮನೆಯ ಲಿಫ್ಟಿನವನು ನಡೆದುಹೋಗುತ್ತಿದ್ದ.

ಈ ಲಿಫ್ಟಿನವನ ಬಗ್ಗೆ ಎರಡು ಮಾತು ಹೇಳಲೇಬೇಕು. ಕಟ್ಟಡಗಳ ಲಿಫ್ಟು ರಿಪೇರಿ ಮಾಡುವವನು. ಒಂಟಿ. ಬೀದಿಗೆ ಹೊಸಬ. ಎತ್ತರ ಫ್ರೇಮಣ್ಣನಷ್ಟೇ. ಹೊಟ್ಟೆ ಫ್ರೇಮಣ್ಣನಷ್ಟೇ. ನೆತ್ತಿಯ ಮೇಲೆ ಕೂದಲು ಬಿಟ್ಟುಹೋದ ಜಾಗವೂ ಅಷ್ಟೇ ಅಗಲ. ಮೂಲೆಯ ಬಟ್ಟೆ ಅಂಗಡಿಯವರು ಅಂಗಡಿ ಮುಚ್ಚಲಿದ್ದೇವೆಂದು ಒಂದೇ ಬಟ್ಟೆಯ ನೀಲಿ ಚೌಕಳಿ ಅಂಗಿಗಳನ್ನು ಅರ್ಧ ಬೆಲೆಗೆ ಬಿಕರಿ ಮಾಡಿದ್ದರು. ಬೀದಿಯ ಅರ್ಧ ಗಂಡಸರ ಹಾಗೆ ಇವನೂ ಒಂದು ಕೊಂಡಿದ್ದ, ಕೆಲಸ ಮುಗಿಸಿ ದಿನವೂ ಅದನ್ನೇ ತೊಟ್ಟು ಬರುತ್ತಿದ್ದ. ಫ್ರೇಮಣ್ಣನ ಕೋಟಿನ ಒಳಗಿದ್ದದ್ದೂ ಅದೇ ಅಂಗಿ.

ಫ್ರೇಮಣ್ಣ ತಲೆಯೆತ್ತಿ ನೋಡಿದ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಹೆಂಡತಿ ನಿಂತಿದ್ದಳು. ಅವಳ ಕಣ್ಣು ಕಿರಿದಾಯಿತು. ತಲೆ ಓರೆಯಾಯಿತು. ತುಟಿಯ ಈ ಕೊನೆಯಿಂದ ಆ ಕೊನೆಗೆ ನಗು ಮೆಲ್ಲಗೆ ಹರಿಯಿತು. ಅವಳು ಕೈಯೆತ್ತಿ ಬೀಸಿದಳು. ಲಿಫ್ಟಿನವನಿಗೆ!

ಲಿಫ್ಟಿನವನೂ ಕೈ ಬೀಸಿ ತನ್ನ ಮನೆಯ ಗೇಟು ತೆಗೆದು ಒಳಗೆ ಹೋದ.

ಮದುವೆಯಾಗಿ ಇಷ್ಟು ವರ್ಷವಾಯಿತು. ಆ ನಗುವನ್ನು ಫ್ರೇಮಣ್ಣ ಕಂಡೇ ಇರಲಿಲ್ಲ. ಅವನು ಬಾಗಿಲಿಗೆ ಬಂದರೆ ಸಿಗುತ್ತಿದ್ದದ್ದು, "ಬಂದ್ರಾ? ಚಪ್ಪಲಿ ಅಲ್ಲೇ ಬಿಡಿ" ಎಂಬ ಮಾತು. ಅಷ್ಟೇ.

ಮೇಲೆ ಹೋದರೆ ಹೆಂಡತಿ, "ಮೆಟ್ಟಿಲು ಹತ್ತೋಕೆ ಇಷ್ಟು ಹೊತ್ತಾ? ಇದೇನಿದು ಕೋಟು?" ಎಂದಳು.

ನೋಡಿದೆಯಾ ಚಾಲಾಕಿತನ ಎಂದುಕೊಂಡ ಫ್ರೇಮಣ್ಣ. ನಾನು ಕೆಳಗೆ ಎಷ್ಟು ಹೊತ್ತು ನಿಂತಿದ್ದೆ ಎಂದು ತಿಳಿದುಕೊಳ್ಳುತ್ತಿದ್ದಾಳೆ!

ಆ ದಿನದಿಂದ ಮನೆಯಲ್ಲಿ ಟಿವಿ ಮೂಕವಾಯಿತು.

"ರೀ, ಇದಕ್ಕೇನಾಯ್ತು?" ಎಂದಳು ಹೆಂಡತಿ, ಎಂದಿನಂತೆ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು.

"ಶಬ್ದ ಬೇಡ. ನಾನು ಓದ್ತಾ ಇದ್ದೀನಿ."

"ಟಿವೀನಾ?"

"ಮುಖಾನ. ಮುಖ ಓದೋಕೆ ಬಂದ್ರೆ ಯಾರೂ ಯಾರಿಗೂ ಮೋಸ ಮಾಡಕ್ಕಾಗಲ್ಲ" ಎಂದು ಅವಳ ಮುಖವನ್ನೇ ನೋಡಿದ. ಅವಳು ಆಕಳಿಸಿದಳು. ಆಕಳಿಕೆಯ ಪಾಠ ತರಬೇತಿಯಲ್ಲಿ ಬಂದಿರಲಿಲ್ಲ.

ಮರುಸಂಜೆಯಿಂದ ಅವನು ಬಸ್ಸಿಳಿದವನು ನೇರ ಮನೆಗೆ ಬಾರದೆ, ಬೀದಿದೀಪದ ಕಂಬದ ಹಿಂದೆ ಅಡಗಿ ನಿಲ್ಲತೊಡಗಿದ. ದಿನವೂ ಅದೇ. ಲಿಫ್ಟಿನವನು ಬರುತ್ತಾನೆ, ಕಣ್ಣು ಕಿರಿದಾಗುತ್ತದೆ, ತಲೆ ಓರೆಯಾಗುತ್ತದೆ, ನಗು ಹರಿಯುತ್ತದೆ, ಕೈ ಬೀಸುತ್ತದೆ. ಫ್ರೇಮಣ್ಣನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತದೆ. ತನಗಿಂತ ಚೆಲುವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ. ಅವನ ಮೀಸೆಯನ್ನೋ ಭುಜವನ್ನೋ ಬೈದುಕೊಂಡು ಸಮಾಧಾನ ಮಾಡಿಕೊಳ್ಳಬಹುದು. ತನ್ನ ಹಾಗೇ ಇರುವವನ ಮೇಲೆ ಪಡುವುದಿದೆಯಲ್ಲ, ಅದು ಬಹಳ ಕಷ್ಟ. ಬೋಳುತಲೆಯವನು ಎಂದು ಬೈಯಲು ಹೋದರೆ ಕೈ ತನ್ನ ತಲೆಗೇ ಹೋಗುತ್ತದೆ. ಡೊಳ್ಳುಹೊಟ್ಟೆ ಎನ್ನಲು ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಕಂಬ ಸಣ್ಣದು, ಫ್ರೇಮಣ್ಣ ದೊಡ್ಡವನು. ವಾರ ಕಳೆಯುವುದರೊಳಗೆ ಕಟ್ಟಡದ ಸಂಘದ ಕಾರ್ಯದರ್ಶಿಗಳು ಮೆಟ್ಟಿಲ ಬಳಿ ಒಂದು ಚೀಟಿ ಅಂಟಿಸಿದರು: ಸಂಜೆ ಹೊತ್ತು ಅಪರಿಚಿತನೊಬ್ಬ ಕಂಬದ ಹಿಂದೆ ನಿಂತು ನಮ್ಮ ಬಾಲ್ಕನಿಗಳನ್ನು ದಿಟ್ಟಿಸುತ್ತಿದ್ದಾನೆ, ಹೆಂಗಸರು ಎಚ್ಚರಿಕೆಯಿಂದಿರಬೇಕು, ಕಂಡವರು ತಿಳಿಸಬೇಕು.

"ನೀವು ನೋಡಿದ್ರಾ?" ಎಂದು ಕಾರ್ಯದರ್ಶಿಗಳು ಫ್ರೇಮಣ್ಣನನ್ನೇ ಕೇಳಿದರು.

"ನೋಡಿದೆ. ಎದುರುಮನೆ ಲಿಫ್ಟಿನವನ ಮೇಲೆ ನನಗೆ ಅನುಮಾನ" ಎಂದ ಫ್ರೇಮಣ್ಣ, ಕೈ ಕತ್ತಿನ ಹಿಂದಕ್ಕೆ ಹೋಗದಂತೆ ಜೇಬಿನಲ್ಲಿ ಹಿಡಿದುಕೊಂಡು.

ಕೊನೆಗೆ ತಡೆಯಲಾರದೆ ಪಕ್ಕದ ಬೀದಿಯಲ್ಲಿದ್ದ ಅಕ್ಕನ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡ. ಅಕ್ಕ ಊಟ ಬಿಟ್ಟರೂ ಸಿನಿಮಾ ಬಿಡುವವಳಲ್ಲ. ಕಥೆ ಕೇಳುತ್ತಾ ಕೇಳುತ್ತಾ ಅವಳ ಮುಖ ಅರಳಿದ ಹೂವಿನಂತಾಯಿತು.

"ಅಯ್ಯೋ ನನ್ನ ತಮ್ಮಾ! ನಂಗೆ ಅವತ್ತೇ ಗೊತ್ತಿತ್ತು ಕಣೋ. ಇರಲಿ, ಊಟಕ್ಕೆ ಹೇಗೆ ಬಡಿಸ್ತಾಳೆ?"

"ಯಾಕೆ?"

"ಸಿನಿಮಾದಲ್ಲಿ ಹೆಂಡತಿ ಜಾಸ್ತಿ ಬಡಿಸಿದ್ಲು ಅಂದ್ರೆ, ತಪ್ಪು ಮಾಡಿದ್ದಾಳೆ ಅಂತ."

"ಕಮ್ಮಿ ಬಡಿಸಿದ್ರೆ?"

"ಮನಸ್ಸೇ ಇಲ್ಲ ಅಂತ."

"ಸರಿಯಾಗಿ ಬಡಿಸಿದ್ರೆ?"

ಅಕ್ಕ ದನಿ ತಗ್ಗಿಸಿದಳು. "ಅದು ಎಲ್ಲಕ್ಕಿಂತ ಅಪಾಯ. ಅಳೆದು ತೂಗಿ ಹೆಜ್ಜೆ ಇಡ್ತಿದ್ದಾಳೆ ಅಂತ."

ಫ್ರೇಮಣ್ಣನ ಹೆಂಡತಿ ಸರಿಯಾಗಿಯೇ ಬಡಿಸುತ್ತಿದ್ದಳು.

"ಅವಳನ್ನೇ ಕೇಳಿಬಿಡ್ಲಾ ಅಕ್ಕ?"

"ಬಾಯಿ ಬಿಟ್ಟು ಕೇಳೋದಾ? ಯಾವ ಸಿನಿಮಾದಲ್ಲಾದ್ರೂ ಹಾಗೆ ಕೇಳಿದ್ದಾರೇನೋ? ಕೇಳಿಬಿಟ್ರೆ ಅರ್ಧಕ್ಕೇ ಕಥೆ ಮುಗಿದುಹೋಗುತ್ತೆ! ಮೊದಲು ಅವನನ್ನ ಎದುರಿಸು. ಮಾತು ಬೇಡ. ಬರೀ ನೋಟ."

ಹಾಗಾಗಿ ಮರುದಿನ ಸಂಜೆ ಫ್ರೇಮಣ್ಣ ಲಿಫ್ಟಿನವನ ಗೇಟಿನ ಮುಂದೆ ನಿಂತ. ಕೈ ಕಟ್ಟಿದ. ಕಾಲು ಅಗಲಿಸಿದ. ತರಬೇತಿಯಲ್ಲಿ ಕಂಡ ನಾಯಕನ ಹಾಗೆ ಹಲ್ಲು ಕಚ್ಚಿ ದವಡೆ ಉಬ್ಬಿಸಿದ. ಒಂದು ಹುಬ್ಬನ್ನು ಮಾತ್ರ ಎತ್ತಲು ನೋಡಿದ, ಎರಡೂ ಎದ್ದವು.

ಲಿಫ್ಟಿನವನು ಬಂದು, ಅವನನ್ನು ಎಡದಿಂದಲೂ ಬಲದಿಂದಲೂ ನೋಡಿ, "ಅಯ್ಯೋ, ಹಲ್ಲುನೋವಾ ಸಾರ್?" ಎಂದ.

ಫ್ರೇಮಣ್ಣ ದವಡೆಯನ್ನು ಇನ್ನಷ್ಟು ಬಿಗಿದ.

"ಮಾತಾಡ್ಬೇಡಿ, ಮಾತಾಡ್ಬೇಡಿ. ನನಗೂ ಹೀಗೇ ಆಗಿತ್ತು. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಕೂತ್ಕೊಳ್ಳಿ ಸಾರ್, ತರ್ತೀನಿ."

ನಾಯಕನು ಖಳನಾಯಕನ ಮನೆಯ ಮೆಟ್ಟಿಲ ಮೇಲೆ ಕುಳಿತು ಉಪ್ಪುನೀರು ಮುಕ್ಕಳಿಸುವ ದೃಶ್ಯ ಯಾವ ಸಿನಿಮಾದಲ್ಲೂ ಬಂದಿರಲಾರದು. ಇಲ್ಲಿ ಬಂತು. ಬಾಯಿ ತುಂಬ ನೀರಿದ್ದುದರಿಂದ ಫ್ರೇಮಣ್ಣ ಸುಮ್ಮನೆ ಕೇಳಬೇಕಾಯಿತು.

"ನಿಮ್ಮ ಮನೆಯವರು ತುಂಬ ಒಳ್ಳೆಯವರು ಸಾರ್" ಎಂದ ಲಿಫ್ಟಿನವನು, ಪಕ್ಕದಲ್ಲಿ ಕುಳಿತು. "ದಿನವಿಡೀ ಲಿಫ್ಟಿನ ಗುಂಡಿಯಲ್ಲಿ, ಕತ್ತಲಲ್ಲಿ, ಎಣ್ಣೆ ಮಸಿಯಲ್ಲಿ ಇರ್ತೀನಿ. ಈ ಬೀದೀಲಿ ನನ್ನ ಮಾತಾಡಿಸೋ ಒಂದು ನರಪಿಳ್ಳೆ ಇಲ್ಲ. ಸಂಜೆ ಬಂದ್ರೆ ಅವರು ಮೇಲಿಂದ ಒಂದು ನಗು ನಗ್ತಾರೆ ನೋಡಿ, ದಣಿವೆಲ್ಲ ಇಳಿದುಹೋಗುತ್ತೆ."

ಫ್ರೇಮಣ್ಣ ನೀರು ನುಂಗಿಬಿಟ್ಟ.

ಇನ್ನು ತಡಮಾಡುವಂತಿರಲಿಲ್ಲ. ಅಕ್ಕ ಪರೀಕ್ಷೆಯೊಂದನ್ನು ಗೊತ್ತುಮಾಡಿದಳು. ಫ್ರೇಮಣ್ಣ ಕೋಟು ಬಿಟ್ಟು, ಲಿಫ್ಟಿನವನ ಜೊತೆ ಅಕ್ಕಪಕ್ಕ ನಡೆದು ಬರಬೇಕು. ಅವಳು ಯಾರನ್ನು ನೋಡಿ ನಗುತ್ತಾಳೋ ನೋಡೋಣ. ಗಂಡನನ್ನು ನೋಡಿ ನಕ್ಕರೆ ಸರಿ. ಇಲ್ಲದಿದ್ದರೆ, "ಆಮೇಲೆ ನಾನಿದ್ದೀನಿ" ಎಂದಳು ಅಕ್ಕ, ಸೆರಗು ಸಿಕ್ಕಿಸಿ.

ಸಾಕ್ಷಿಗೆಂದು ಅಕ್ಕ ಕೆಳಮನೆಯ ನಿವೃತ್ತ ಟೀಚರಮ್ಮನನ್ನು ಗೇಟಿನ ಬಳಿ ನಿಲ್ಲಿಸಿದಳು. ಕಂಬದ ಹಿಂದಿನವನನ್ನು ಹಿಡಿಯಲು ಬಂದ ಕಾರ್ಯದರ್ಶಿಗಳೂ ಬ್ಯಾಟರಿ ಹಿಡಿದು ನಿಂತರು. ಫ್ರೇಮಣ್ಣನ ಕಣ್ಣೆದುರು ಸಂಸಾರವೇ ತೂಗಾಡುತ್ತಿತ್ತು.

ಏನೂ ಅರಿಯದ ಲಿಫ್ಟಿನವನನ್ನು ಜೊತೆ ಮಾಡಿಕೊಂಡು ಫ್ರೇಮಣ್ಣ ಬಸ್ಸಿನ ನಿಲ್ದಾಣದಿಂದ ಹೊರಟ. ಎರಡು ನೀಲಿ ಚೌಕಳಿ ಅಂಗಿ, ಎರಡು ಹೊಟ್ಟೆ, ಎರಡು ನೆತ್ತಿ.

"ಹಲ್ಲು ಹೇಗಿದೆ ಸಾರ್?"

"ಸುಮ್ನೆ ನಡೀರಿ."

ಬಾಲ್ಕನಿಯಲ್ಲಿ ಹೆಂಡತಿ ಕಾಣಿಸಿದಳು. ಕಣ್ಣು ಕಿರಿದಾಯಿತು. ಕೈ ಮೇಲೇರಿತು. ಅರ್ಧಕ್ಕೆ ನಿಂತಿತು. ಅವಳು ಒಬ್ಬನನ್ನು ನೋಡಿದಳು, ಇನ್ನೊಬ್ಬನನ್ನು ನೋಡಿದಳು. ತಲೆ ಆ ಕಡೆ ಓರೆಯಾಯಿತು, ಈ ಕಡೆ ಓರೆಯಾಯಿತು.

ಅವಳ ದೃಷ್ಟಿ ಇಬ್ಬರನ್ನೂ ದಾಟಿ ಮೂಲೆಗೆ ಹೋಯಿತು. ತುಟಿಯ ಈ ಕೊನೆಯಿಂದ ಆ ಕೊನೆಗೆ ನಗು ಹರಿಯಿತು. ಕೈ ಜೋರಾಗಿ ಬೀಸಿತು.

ಮೂರನೆಯವನು!

ಎಲ್ಲರೂ ಒಟ್ಟಿಗೆ ಹಿಂತಿರುಗಿದರು. ಮೂಲೆಯಲ್ಲಿ, ಮುಚ್ಚುತ್ತಿದ್ದ ಬಟ್ಟೆ ಅಂಗಡಿಯ ಮುಂದೆ, ಮಿಕ್ಕ ಸಾಮಾನಿನ ಜೊತೆ ಗಂಡಸಿನ ಗೊಂಬೆಯೊಂದನ್ನು ಗೋಡೆಗೆ ಒರಗಿಸಿದ್ದರು. ಅದರ ಮೈಮೇಲೆ ಕೊನೆಯ ನೀಲಿ ಚೌಕಳಿ ಅಂಗಿ. ಅದಕ್ಕೆ ತಲೆಯಿರಲಿಲ್ಲ.

"ರೀ!" ಎಂದು ಹೆಂಡತಿ ಮೇಲಿನಿಂದ ಗೊಂಬೆಗೆ ಕೂಗಿದಳು. "ಅಲ್ಲೇ ಯಾಕೆ ನಿಂತ್ರಿ? ಬನ್ನಿ, ಕಾಫಿ ಆರ್ತಿದೆ!"

ಗೊಂಬೆ ಅಲುಗಲಿಲ್ಲ.

"ನೋಡಿ, ಎಷ್ಟು ಕರೆದ್ರೂ ಉತ್ತರ ಕೊಡಲ್ಲ. ಇತ್ತೀಚೆಗೆ ಮನೇಲೂ ಹೀಗೇ!" ಎಂದು ಅವಳು ಟೀಚರಮ್ಮನಿಗೆ ದೂರು ಹೇಳಿದಳು. ಹೇಳಿದ್ದು ಗೇಟಿನ ಪಕ್ಕದ ಹೂಕುಂಡಕ್ಕೆ.

ಅಕ್ಕ ಸಿಕ್ಕಿಸಿದ್ದ ಸೆರಗನ್ನು ಇಳಿಬಿಟ್ಟಳು. ಇಂಥ ದೃಶ್ಯ ಅವಳು ನೋಡಿದ ಯಾವ ಸಿನಿಮಾದಲ್ಲೂ ಇರಲಿಲ್ಲ.

ಫ್ರೇಮಣ್ಣ ಬಾಯಿ ತೆರೆದು ನಿಂತಿದ್ದ. ದೂರದ್ದನ್ನು ನೋಡಲು ಕಣ್ಣು ಕಿರಿದು ಮಾಡುವವರನ್ನು ಅವನು ದಿನಬೆಳಗಾದರೆ ಕುರ್ಚಿಯಲ್ಲಿ ಕೂರಿಸಿ, "ದೂರದೃಷ್ಟಿ ಮಂಜಾಗಿದೆ, ಗಾಜು ಬೇಕು" ಎನ್ನುತ್ತಿದ್ದ. ಅಂಗಡಿಯಲ್ಲಿ ಅದು ಗಾಜಿನ ನಂಬರು. ಬಾಲ್ಕನಿಯಲ್ಲಿ ಮಾತ್ರ ಅದು ಪ್ರೀತಿಯಾಗಿಬಿಟ್ಟಿತ್ತು. ಮೊದಲು ಅವನು ತಲೆಯೆತ್ತಿ ನೋಡಿದವನೇ ಅಲ್ಲ, ಆಮೇಲೆ ಅಷ್ಟೂ ದಿನ ಕಂಬದ ಹಿಂದೆ ಅಡಗಿದ್ದ. ಅವಳು ದಿನವೂ ಗಂಡನ ದಾರಿ ಕಾಯುತ್ತಾ ನಿಂತು, ನೀಲಿ ಅಂಗಿ ಕಂಡೊಡನೆ, ಬಂದರಲ್ಲ ಎಂದು ನಕ್ಕಿದ್ದಳು. ಆ ನಗು ಅವನದೇ. ಅವನು ಹೊಟ್ಟೆ ಉರಿದುಕೊಂಡಿದ್ದು ತನ್ನ ಮೇಲೇ.

ಪಕ್ಕದಲ್ಲಿ ಲಿಫ್ಟಿನವನು ಮೆಲ್ಲಗೆ, "ಹಾಗಾದ್ರೆ, ಇಷ್ಟು ದಿನ ನಕ್ಕಿದ್ದು ನನಗಲ್ವಾ ಸಾರ್?" ಎಂದ.

ಅವನ ಮುಖ ಓದಲು ಯಾವ ತರಬೇತಿಯೂ ಬೇಕಾಗಿರಲಿಲ್ಲ.

ಮನೆಯಲ್ಲಿ ಹೆಂಡತಿ ತನ್ನ ಕಣ್ಣು ಮಂಜೆಂದು ಮೊದಲು ಒಪ್ಪಲೇ ಇಲ್ಲ. ಆಮೇಲೆ ಅತ್ತಳು. ಚಿಕ್ಕವಳಿದ್ದಾಗಲೇ ಶಾಲೆಯ ಹಲಗೆ ಕಾಣುತ್ತಿರಲಿಲ್ಲವಂತೆ. ದಡ್ಡಿ ಎಂದು ಹಿಂದಿನ ಬೆಂಚಿಗೆ ಕಳಿಸಿದರಂತೆ. ಅಲ್ಲಿಂದ ಹಲಗೆಯಿರಲಿ, ಮೇಷ್ಟ್ರೂ ಕಾಣದೆ, ಶಾಲೆಯೇ ಬಿಟ್ಟಳಂತೆ.

"ನಂಗೆ ಒಂದು ಮಾತು ಹೇಳೋದಲ್ವಾ?"

"ಹೇಗೆ ಹೇಳ್ಲಿ? ಮದುವೆ ಗೊತ್ತಾದಾಗ ಅಮ್ಮ, ಕನ್ನಡಕದವನಿಗೆ ಕಣ್ಣು ಕಾಣದವಳನ್ನ ಗಂಟುಹಾಕಿದ್ರು ಅಂತ ಜನ ಆಡ್ಕೋತಾರೆ, ಬಾಯಿ ಮುಚ್ಕೊಂಡಿರು ಅಂದ್ಲು. ಆಮೇಲೆ ನೀವು ದಿನಾ ಬಂದು, ಇವತ್ತು ಒಬ್ಬಳು ಬಾಗಿಲು ಅಂತ ಕನ್ನಡಿಗೆ ಗುದ್ದಿಕೊಂಡ್ಲು ಅಂತ ಹೇಳಿ ಹೇಳಿ ನಗ್ತಿದ್ರಿ. ಇತ್ತೀಚೆಗೆ ಇನ್ನೂ ಮಂಜು ಮಂಜು. ಅಂಗಿ ನೋಡೇ ನಿಮ್ಮನ್ನ ಗುರುತು ಹಿಡೀತಿದ್ದೆ."

"ನಾನು ನಿನ್ನ ನಗು ನೋಡಿ..." ಎಂದು ಶುರುಮಾಡಿದ ಫ್ರೇಮಣ್ಣ, ಮುಂದೆ ಹೇಳುವುದು ಬೇಡವೆಂದು ನಿಲ್ಲಿಸಿದ. ಹಿಂದೆಯೇ ಬಂದಿದ್ದ ಅಕ್ಕ ಹೇಳಿಬಿಟ್ಟಳು. ಪೂರ್ತಿ. ಉಪ್ಪುನೀರಿನ ಸಮೇತ.

ಹೆಂಡತಿ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಆಮೇಲೆ ನಗಲು ಶುರುಮಾಡಿದವಳು, ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತಳು. "ಆ ಲಿಫ್ಟಿನವರ ಜೊತೆ? ನಿಮ್ಮ ಹಾಗೇ ಇರೋ ಇನ್ನೊಬ್ಬರನ್ನ ತಗೊಂಡು ನಾನೇನ್ರೀ ಮಾಡ್ಲಿ?"

ಇದು ಹೊಗಳಿಕೆಯೋ ಬೈಗುಳವೋ ಎಂಬುದು ಫ್ರೇಮಣ್ಣನಿಗೆ ಇಂದಿಗೂ ತಿಳಿದಿಲ್ಲ.

ಅವಳನ್ನು ಅಂಗಡಿಗೆ ಕರೆದೊಯ್ದು, ಪರೀಕ್ಷೆ ಮಾಡಿಸಿ, ಇದ್ದುದರಲ್ಲೇ ಹಗುರವಾದ ಫ್ರೇಮನ್ನು ತಾನೇ ಆರಿಸಿ ಕೂರಿಸಿದ. ಹಾಕಿಕೊಂಡು ಹೊರಬಂದವಳು ಮರ ನೋಡಿ, "ಅಯ್ಯೋ, ಎಲೆ ಎಲೆ ಬೇರೆ ಬೇರೆ ಕಾಣುತ್ತೆ ಕಣ್ರೀ!" ಎಂದು ರಸ್ತೆಯ ಮಧ್ಯೆಯೇ ನಿಂತುಬಿಟ್ಟಳು. ಹಿಂದೆ ಬಸ್ಸಿನವನು ಹಾರ್ನು ಹೊಡೆದೇ ಹೊಡೆದ.

ಈಗ ಫ್ರೇಮಣ್ಣನಿಗೆ ಒಂದೇ ಆಸೆ. ಆ ನಗು ನೇರವಾಗಿ ತನ್ನ ಮೇಲೇ ಬೀಳಬೇಕು. ಮರುಸಂಜೆ ಬಸ್ಸಿಳಿದು, ಕಂಬದ ಕಡೆ ಕಣ್ಣೂ ಹಾಯಿಸದೆ, ಎದೆಯುಬ್ಬಿಸಿ ಬೀದಿಯ ನಡುವೆ ನಡೆದು ಬಂದ. ಬಾಲ್ಕನಿಯಲ್ಲಿ ಅವಳು ನಿಂತಿದ್ದಳು, ಕನ್ನಡಕ ಹಾಕಿಕೊಂಡು. ಅವನು ಮುಖವೆತ್ತಿದ.

ಕಣ್ಣು ಕಿರಿದಾಗಲಿಲ್ಲ. ಅಗಲವಾಯಿತು. ತಲೆ ಓರೆಯಾಗಲಿಲ್ಲ. ನೆಟ್ಟಗಾಯಿತು.

"ರೀ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಗುಂಡಿ ಮೇಲೆ ಕೆಳಗೆ ಹಾಕ್ಕೊಂಡಿದ್ದೀರಲ್ಲ! ಹೀಗೇ ಅಂಗಡಿಗೆ ಹೋಗಿದ್ರಾ? ಕಾಲರ್ ಎಷ್ಟು ಕೊಳೆ!"

ಟೀಚರಮ್ಮ ಕಿಟಕಿಯಿಂದ ಕತ್ತು ಹೊರಹಾಕಿ ಗುಂಡಿ ನೋಡಿದರು. ಫ್ರೇಮಣ್ಣನ ಹೊಟ್ಟೆಯಲ್ಲಿ ಹಳೆಯ ಒಲೆ ಮತ್ತೆ ಹೊತ್ತಿಕೊಂಡಿತು. ತನಗೆ ಬರಬೇಕಾಗಿದ್ದ ನಗುವನ್ನೆಲ್ಲ ಆ ಲಿಫ್ಟಿನವನು ಪುಕ್ಕಟೆ ತಿಂದು ತೇಗಿದ್ದಾನೆ. ತನ್ನ ಪಾಲಿಗೆ ಉಳಿದದ್ದು ಕಾಲರಿನ ಕೊಳೆ!

ಅವನು ಬೀದಿಯಲ್ಲೇ ನಿಂತ. ಎರಡು ಕೈಗಳನ್ನೂ ಕಿವಿಯ ಬಳಿಗೆ ಒಯ್ದು, ಇಲ್ಲದ ಕನ್ನಡಕವನ್ನು ಮೆಲ್ಲಗೆ ಮುಖದಿಂದ ತೆಗೆದು ತೋರಿಸಿದ. ದೊಡ್ಡ ಕಣ್ಣು ಮಾಡಿ ಬೇಡಿಕೊಂಡ.

ಅವಳು ಒಂದು ಗಳಿಗೆ ನೋಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಹಿಡಿದುಕೊಂಡಳು. ಕಣ್ಣು ಕಿರಿದಾಯಿತು. ತಲೆ ಓರೆಯಾಯಿತು. ತುಟಿಯ ಈ ಕೊನೆಯಿಂದ ಆ ಕೊನೆಗೆ ನಗು ಮೆಲ್ಲಗೆ ಹರಿಯಿತು.

ಫ್ರೇಮಣ್ಣ ಕೈ ಎತ್ತಲು ಹೋದವನು, ಅನುಮಾನ ಬಂದು, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಿದ.

"ನಿಮಗೇ ಕಣ್ರೀ!" ಎಂದು ಮೇಲಿನಿಂದ ಕೂಗಿದಳು ಹೆಂಡತಿ. "ಹಿಂದೆ ಏನು ನೋಡ್ತೀರಿ? ನಿಮಗೇ!"